ಬಡವರ ಮರ, ಹರಾಜಿನ ಬೆಲೆ: ಹಳೆಯ ಫ್ಲಮೆಂಕೋ ಗಿಟಾರಿನೊಳಗಿನ ಚೀಟಿ ಏನು ಹೇಳುತ್ತದೆ?

1920ರ ದಶಕದಲ್ಲಿ ಮ್ಯಾಡ್ರಿಡ್‌ನ ಒಂದು ಸಣ್ಣ ಅಂಗಡಿಯಲ್ಲಿ ಕೈಯಲ್ಲೇ ತಯಾರಾದ ಫ್ಲಮೆಂಕೋ ಗಿಟಾರೊಂದು ಇವತ್ತು ಮಾರಾಟಕ್ಕೆ ಬಂತು ಅಂದುಕೊಳ್ಳಿ. ಹೆಸರಾಂತ ಕುಶಲಕರ್ಮಿಯದ್ದಾದರೆ ಹತ್ತಾರು ಸಾವಿರ ಡಾಲರ್ ಕೇಳುತ್ತಾರೆ. ಬೆಂಗಳೂರಲ್ಲಿ ಒಂದು ದೊಡ್ಡ ಕಾರೇ ಬರುವಷ್ಟು ದುಡ್ಡು. ನೋಡೋಕೆ ಮಾತ್ರ ಅಂಥದ್ದೇನೂ ಇರುವುದಿಲ್ಲ. ಮಾಸಿದ ಹಳದಿ ಮರ, ಅಲ್ಲಲ್ಲಿ ಬಿರುಕು ಬಿಟ್ಟು ಅಂಟು ಹಾಕಿದ ಗುರುತು, ತಂತಿ ಬಿಗಿಯಲು ಲೋಹದ ಕೀಲಿಯ ಬದಲು ಪಿಟೀಲಿನಲ್ಲಿರುವಂಥ ಮರದ ಬಿರಡೆಗಳು. ಕೈಗೆತ್ತಿಕೊಂಡರೆ ಒಳಗೆ ಏನೂ ಇಲ್ಲವೇನೋ ಅನ್ನಿಸುವಷ್ಟು ಹಗುರ.

ಕೊಳ್ಳಲು ಬಂದವರು ಮೊದಲು ಮಾಡುವ ಕೆಲಸ ನುಡಿಸುವುದಲ್ಲ. ಟಾರ್ಚ್ ಹಿಡಿದು, ಮುಖದ ಮೇಲಿನ ದುಂಡು ರಂಧ್ರದೊಳಗೆ ಇಣುಕುತ್ತಾರೆ. ಒಳಗೆ ಬೆನ್ನಿನ ಹಲಗೆಗೆ ಅಂಟಿಸಿದ ಅಂಗೈ ಅಗಲದ ಕಾಗದದ ಚೀಟಿ ಇರುತ್ತದೆ. ಅದರಲ್ಲಿ ಹೆಸರು, ಬೀದಿ, ಊರು, ಇಸವಿ. ಆ ಚೀಟಿಯಲ್ಲಿ ಯಾರ ಹೆಸರಿದೆ ಅನ್ನೋದರ ಮೇಲೆ ಬೆಲೆ ನಿಂತಿದೆ. ಅದೇ ಮರ, ಅದೇ ನಾದ, ಚೀಟಿ ಮಾತ್ರ ಇಲ್ಲ ಅಂದರೆ ಬೆಲೆ ಪಾತಾಳಕ್ಕೆ ಇಳಿಯುತ್ತದೆ.

ನನಗೆ ಈ ವಾದ್ಯದ ಬಗ್ಗೆ ಆಸಕ್ತಿ ಹುಟ್ಟಿದ್ದು ಇದೇ ಕಾರಣಕ್ಕೆ. ಚೀಟಿಯ ಮೇಲಿನ ಹೆಸರು ಒಬ್ಬರದ್ದು. ಮರ ಕೆತ್ತಿದ ಕೈ ಎಷ್ಟೋ ಸಲ ಇನ್ನೊಬ್ಬರದ್ದು. ಆ ವಾದ್ಯಕ್ಕೆ ಮರ್ಯಾದೆ ತಂದುಕೊಟ್ಟ ಸಂಗೀತ ಮತ್ತೆ ಬೇರೆಯದೇ ಜನರದ್ದು. ಬೆಲೆ ಏರಿದಾಗ ದುಡ್ಡು ಸೇರುವುದು ಈ ಮೂವರಲ್ಲಿ ಯಾರಿಗೂ ಅಲ್ಲ, ನಾಲ್ಕನೆಯವನಿಗೆ. ಹಾಗಾಗಿ ಇದು ಬರೀ ಶೋಕಿಯ ವಸ್ತುವಿನ ಕಥೆ ಅಂತ ಪಕ್ಕಕ್ಕಿಡಬೇಡಿ.

ತಮಟೆಯಂಥ ಗಿಟಾರ್

ಮೊದಲು, ಇದು ಸಾಮಾನ್ಯ ಸ್ಪ್ಯಾನಿಷ್ ಗಿಟಾರಿಗಿಂತ ಹೇಗೆ ಬೇರೆ ಅಂತ ನೋಡೋಣ. ಎಂಜಿನಿಯರಿಂಗ್ ಓದಿದವರ ಚಟ, ಸ್ವಲ್ಪ ಸಹಿಸಿಕೊಳ್ಳಿ.

ಗಿಟಾರಿನಲ್ಲಿ ನಿಜವಾಗಿ ಸದ್ದು ಮಾಡುವುದು ಮೇಲ್ಹಲಗೆ. ಸಾಮಾನ್ಯವಾಗಿ ಸ್ಪ್ರೂಸ್ ಮರದ್ದು, ದಪ್ಪ ಎರಡು ಮಿಲಿಮೀಟರ್ ಆಸುಪಾಸು. ಇಷ್ಟು ತೆಳುವಾದ ಹಲಗೆ ತಂತಿಗಳ ಎಳೆತಕ್ಕೆ ಮುರಿದುಹೋಗದಂತೆ ಒಳಗಡೆ ಸಣ್ಣ ಪಟ್ಟಿಗಳನ್ನು ಅಂಟಿಸುತ್ತಾರೆ. ಬೀಸಣಿಗೆಯ ಕಡ್ಡಿಗಳ ಹಾಗೆ ಏಳು ಪಟ್ಟಿಗಳನ್ನು ಹರಡುವ ವಿನ್ಯಾಸವನ್ನು ಹದಕ್ಕೆ ತಂದವನು ಅಲ್ಮೇರಿಯಾದ ಅಂತೋನಿಯೊ ದೆ ತೋರೆಸ್ (1817–1892). ಇವತ್ತು ನಾವು ನೋಡುವ ಸ್ಪ್ಯಾನಿಷ್ ಗಿಟಾರಿನ ಅಳತೆ, ಆಕಾರ ಎಲ್ಲ ಬಹುಪಾಲು ಅವನು ಹಾಕಿಕೊಟ್ಟ ದಾರಿ. 1862ರಲ್ಲಿ ಅವನು ಒಂದು ವಿಚಿತ್ರ ಪ್ರಯೋಗ ಮಾಡಿದ. ಮೇಲ್ಹಲಗೆಯನ್ನು ಮಾತ್ರ ಒಳ್ಳೆಯ ಮರದಲ್ಲಿ ಮಾಡಿ, ಬೆನ್ನು ಮತ್ತು ಪಕ್ಕೆಗಳನ್ನು ರಟ್ಟಿನಲ್ಲಿ ಕಟ್ಟಿದ. ಹೌದು, ಕಾಗದದ ರಟ್ಟು. ಆ ಗಿಟಾರ್ ಈಗ ಬಾರ್ಸಿಲೋನಾದ ಸಂಗೀತ ಮ್ಯೂಸಿಯಂನಲ್ಲಿದೆ. ನಾದದ ಜೀವ ಇರುವುದು ಮೇಲ್ಹಲಗೆಯಲ್ಲಿ ಅಂತ ತೋರಿಸಲು ಅವನು ಮಾಡಿದ ಕೆಲಸ ಅದು. ಮುಂದೆ ದುಬಾರಿ ಮರದ ಜಗಳಕ್ಕೆ ಬಂದಾಗ ಈ ರಟ್ಟಿನ ಗಿಟಾರನ್ನು ನೆನಪಿಟ್ಟುಕೊಂಡಿರಿ.

ತೋರೆಸ್‌ನ ಕಾಲದಲ್ಲಿ 'ಕ್ಲಾಸಿಕಲ್', 'ಫ್ಲಮೆಂಕೋ' ಅಂತ ಎರಡು ಜಾತಿ ಸ್ಪಷ್ಟವಾಗಿ ಒಡೆದಿರಲಿಲ್ಲ. ಇದ್ದದ್ದು ದುಬಾರಿ ಗಿಟಾರ್ ಮತ್ತು ಅಗ್ಗದ ಗಿಟಾರ್. ದುಡ್ಡಿದ್ದವರಿಗೆ ಬ್ರೆಜಿಲ್‌ನಿಂದ ಹಡಗಿನಲ್ಲಿ ಬಂದ ಕಪ್ಪು ರೋಸ್‌ವುಡ್. ಇಲ್ಲದವರಿಗೆ ಸ್ಪೇನ್‌ನಲ್ಲೇ ಬೆಳೆಯುವ ಸೈಪ್ರೆಸ್. ಅಲ್ಲಿ ಸ್ಮಶಾನಗಳ ಬದಿಯಲ್ಲಿ ಸಾಲಾಗಿ ನೆಟ್ಟಿರುತ್ತಾರಲ್ಲ, ನೆಟ್ಟಗೆ ಮೇಲಕ್ಕೆ ಹೋಗುವ ಮರ, ಅದೇ. ಅಂದಲೂಸಿಯಾದ ಹೋಟೆಲು, ಛತ್ರ, ಕೆಫೆಗಳಲ್ಲಿ ಹಾಡುಗಾರರ ಜೊತೆ ನುಡಿಸುತ್ತಿದ್ದವರ ಕೈಗೆ ಎಟುಕಿದ್ದು ಎರಡನೆಯದು.

ಬೇರೆ ದಾರಿಯಿಲ್ಲದೆ ಹಿಡಿದುಕೊಂಡ ಈ ಮರವೇ ಆ ಸಂಗೀತಕ್ಕೆ ಹೇಳಿ ಮಾಡಿಸಿದ ಹಾಗೆ ಹೊಂದಿಕೊಂಡಿತು. ಸೈಪ್ರೆಸ್‌ನ ಸಾಂದ್ರತೆ ನೀರಿನ ಅರ್ಧದಷ್ಟು. ರೋಸ್‌ವುಡ್‌ನದ್ದು ನೀರಿಗೆ ಸ್ವಲ್ಪವೇ ಕಡಿಮೆ. ಹಗುರವಾದ ತೆಳು ಪೆಟ್ಟಿಗೆ ತಂತಿಯ ಶಕ್ತಿಯನ್ನು ಹಿಡಿದಿಟ್ಟುಕೊಳ್ಳುವುದಿಲ್ಲ, ತಕ್ಷಣ ಹೊರಗೆ ಎಸೆಯುತ್ತದೆ. ಏಟು ಬಿದ್ದ ಕ್ಷಣಕ್ಕೆ ಸದ್ದು ಚುರುಕಾಗಿ ಏಳುತ್ತದೆ, ಅಷ್ಟೇ ಬೇಗ ಆರುತ್ತದೆ. ವೀಣೆಯಲ್ಲಿ ಮೀಟಿದ ಸ್ವರ ಉಳಿಯಬೇಕು, ಅದರ ಮೇಲೆ ಗಮಕ ಎಳೆಯಬೇಕು. ತಮಟೆಯಲ್ಲಿ ಒಂದು ಏಟು ಮುಗಿದು ಮುಂದಿನ ಏಟಿಗೆ ಜಾಗ ಬಿಡಬೇಕು. ಫ್ಲಮೆಂಕೋ ಗಿಟಾರ್ ಈ ವಿಷಯದಲ್ಲಿ ತಮಟೆಯ ಕಡೆಗೆ ಸೇರಿದ್ದು. ಬುಲೆರಿಯಾ, ಸೊಲೆಯಾ ಮುಂತಾದವು ಹನ್ನೆರಡು ಎಣಿಕೆಯ ಚಕ್ರದಲ್ಲಿ ಸುತ್ತುತ್ತವೆ. ಪಕ್ಕದಲ್ಲಿ ಒಬ್ಬರು ಚಪ್ಪಾಳೆ ಹೊಡೀತಾರೆ, ಎದುರಿಗೆ ಇನ್ನೊಬ್ಬರು ಹಲಗೆಯ ಮೇಲೆ ಹಿಮ್ಮಡಿ ಕುಟ್ಟುತ್ತಾ ಕುಣೀತಾರೆ. ಇಂಥ ಗದ್ದಲದಲ್ಲಿ ನಿಧಾನವಾಗಿ ಮೊಳಗುವ ಸಿಹಿ ಸ್ವರ ಇಟ್ಟುಕೊಂಡು ಏನು ಮಾಡೋದು? ಸದ್ದು ಕತ್ತರಿಸಿದ ಹಾಗೆ ಬೀಳಬೇಕು.

ಉಳಿದ ವ್ಯತ್ಯಾಸಗಳೂ ಇದನ್ನೇ ಅನುಸರಿಸುತ್ತವೆ. ತಂತಿಗಳು ಮೇಲ್ಹಲಗೆಗೆ ತೀರಾ ಹತ್ತಿರ. ಬ್ರಿಜ್ (ವೀಣೆಯವರು ಕುದುರೆ ಅನ್ನುವುದು) ತಗ್ಗಾಗಿರುತ್ತದೆ. ಬಡಿದಾಗ ತಂತಿ ಫ್ರೆಟ್‌ಗೆ ತಾಗಿ ಸಣ್ಣಗೆ ಕಿರುಗುಟ್ಟುತ್ತದೆ. ಕ್ಲಾಸಿಕಲ್ ವಾದಕರಿಗೆ ಅದು ದೋಷ, ಇವರಿಗೆ ಅದು ಖಾರ. ನುಡಿಸುತ್ತಲೇ ಬೆರಳಿನಿಂದ ಮೇಲ್ಹಲಗೆಗೆ ಟಕ್ ಅಂತ ಕುಟ್ಟುವುದೂ ಇದೆ. ಎರಡು ಮಿಲಿಮೀಟರ್ ಹಲಗೆಗೆ ದಿನಾ ಉಗುರಿನ ಏಟು ಬಿದ್ದರೆ ತೂತಾಗುತ್ತದೆ. ಅದಕ್ಕೇ 'ಗೋಲ್ಪೆಯಾದೋರ್' ಅನ್ನುವ ತೆಳು ಫಲಕವನ್ನು ಅಲ್ಲಿ ಅಂಟಿಸಿರುತ್ತಾರೆ. ಒಟ್ಟಿನಲ್ಲಿ ಇದು ಹೊಡೆಸಿಕೊಳ್ಳಲೆಂದೇ ಹುಟ್ಟಿದ ವಾದ್ಯ. ಇದನ್ನು ಗಾಜಿನ ಕಪಾಟಿನಲ್ಲಿಡುವವರ ಬಗ್ಗೆ ಆಮೇಲೆ ಮಾತಾಡೋಣ.

ಅಂಗಡಿಯವನ ಹೆಸರು, ಕೆಲಸಗಾರನ ಕೈ

ಈಗ ಚೀಟಿಯ ವಿಷಯ. ಹತ್ತೊಂಬತ್ತನೇ ಶತಮಾನದ ಕೊನೆಗೆ ಮ್ಯಾಡ್ರಿಡ್‌ನಲ್ಲಿ ಹೊಸೆ ರಮೀರೆಸ್ (1858–1923) ಎಂಬ ಗಿಟಾರ್ ತಯಾರಕನಿದ್ದ. ತಮ್ಮ ಮಾನುಯೆಲ್‌ಗೆ (1864–1916) ಕೆಲಸ ಕಲಿಸಿದವನೂ ಅವನೇ. ತಮ್ಮ ಪ್ಯಾರಿಸ್‌ಗೆ ಹೋಗಿ ಅಂಗಡಿ ಇಡುತ್ತೇನೆ ಅಂದಿದ್ದ. ಕಡೆಗೆ ಇಟ್ಟಿದ್ದು ಅಣ್ಣ ಇದ್ದ ಅದೇ ಊರಲ್ಲಿ. ಅಣ್ಣತಮ್ಮಂದಿರ ಮಾತು ನಿಂತೇಹೋಯಿತು. ಜಗಳ ಬರೀ ಗಿರಾಕಿಗಳದ್ದಾಗಿರಲಿಲ್ಲ, ವಿನ್ಯಾಸದ್ದೂ ಆಯಿತು. ಅಣ್ಣ ಕೆಫೆಗಳ ವೇದಿಕೆಗೆ ಬೇಕಾದ, ಗಟ್ಟಿ ಸದ್ದಿನ ದೊಡ್ಡ ಆಕಾರದ ಗಿಟಾರ್ ಮಾಡುತ್ತಿದ್ದ. ತಮ್ಮ ತೋರೆಸ್‌ನ ದಾರಿ ಹಿಡಿದ. ಕಾಲ ತಮ್ಮನ ಪರವಾಗಿ ತೀರ್ಪು ಕೊಟ್ಟಿತು.

ಆದರೆ ಮಾನುಯೆಲ್ ರಮೀರೆಸ್ ಅಂಗಡಿಯ ಕೆಲಸದ ಬೆಂಚಿನ ಮೇಲೆ ಯಾರ್ಯಾರು ಕೂತಿದ್ದರು? ಸಾಂತೋಸ್ ಎರ್ನಾಂದೆಸ್ (1874–1943), ದೊಮಿಂಗೊ ಎಸ್ತೆಸೊ (1882–1937). ಇಂದಿನ ಸಂಗ್ರಾಹಕರು ಹಳೆಯ ಫ್ಲಮೆಂಕೋ ಗಿಟಾರ್ ಅಂದರೆ ಮೊದಲು ಹೇಳುವ ಹೆಸರುಗಳಲ್ಲಿ ಇವೆರಡೂ ಇವೆ. ಅವರು ಆ ಅಂಗಡಿಯಲ್ಲಿ ಮಾಡಿದ ಗಿಟಾರುಗಳ ಒಳಗೆ ಅಂಟಿದ್ದು ಮಾಲೀಕನ ಚೀಟಿ. 1912ರ ಒಂದು ಗಿಟಾರನ್ನೇ ತಗೊಳ್ಳಿ. ಯುವಕ ಆಂದ್ರೆಸ್ ಸೆಗೋವಿಯಾಗೆ ಮಾನುಯೆಲ್ ಉಡುಗೊರೆಯಾಗಿ ಕೊಟ್ಟ ಆ ಗಿಟಾರ್ ಈಗ ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ಸೆಗೋವಿಯಾ ಅದನ್ನು ಹಿಡಿದು ಜಗತ್ತು ಸುತ್ತಿ ಕ್ಲಾಸಿಕಲ್ ಗಿಟಾರಿಗೆ ದೊಡ್ಡ ವೇದಿಕೆ ಕೊಡಿಸಿದ. ಚೀಟಿ ಮಾನುಯೆಲ್ ರಮೀರೆಸ್‌ನದ್ದು. ಕೆಲಸ ಮಾಡಿದ ಕೈ ಸಾಂತೋಸ್‌ನದ್ದು ಅನ್ನುವುದು ಇವತ್ತು ತಿಳಿದವರು ಸಾಮಾನ್ಯವಾಗಿ ಒಪ್ಪುವ ಮಾತು.

ಮಾಲೀಕ 1916ರಲ್ಲಿ ತೀರಿಕೊಂಡ ಮೇಲೂ ಸಾಂತೋಸ್ ಕೆಲವು ವರ್ಷ ಆ ವಿಧವೆಯ ಅಂಗಡಿಗೇ ದುಡಿದ. ಸ್ವಂತ ಅಂಗಡಿ ಇಡುವ ಹೊತ್ತಿಗೆ ವಯಸ್ಸು ನಲವತ್ತು ದಾಟಿತ್ತು. ನಮ್ಮಲ್ಲಿ ಸ್ಟಾರ್ಟ್‌ಅಪ್‌ನವರು 'ಸ್ಥಾಪಕ' ಅನ್ನೋ ಪದವನ್ನು ಎಷ್ಟು ಧಾರಾಳವಾಗಿ ಬಳಸ್ತಾರೆ ನೋಡಿ, ಕೋಡ್ ಬರೆದವರ ಹೆಸರು ಎಲ್ಲೂ ಇರುವುದಿಲ್ಲ. ಅದೇ ವ್ಯವಹಾರ, ಮರಪುಡಿಯ ವಾಸನೆಯೊಂದು ಜಾಸ್ತಿ.

ಎಸ್ತೆಸೊ ಕಥೆ ಇನ್ನೂ ಕುತೂಹಲದ್ದು. ಅವನು ಗ್ರವೀನಾ ಬೀದಿಯಲ್ಲಿ ಸ್ವಂತ ಅಂಗಡಿ ಇಟ್ಟ. ಅಂತರ್ಯುದ್ಧದ ನಡುವೆ, 1937ರಲ್ಲಿ ತೀರಿಕೊಂಡ. ಕೆಲಸ ಕಲಿತಿದ್ದ ಸೋದರಳಿಯಂದಿರು ಅಂಗಡಿ ಮುಂದುವರಿಸಿದರು. ಆಗ ಚೀಟಿಯ ಮೇಲೆ ಬಂದ ಒಕ್ಕಣೆ 'ದೊಮಿಂಗೊ ಎಸ್ತೆಸೊನ ವಿಧವೆ ಮತ್ತು ಸೋದರಳಿಯಂದಿರು' ಅಂತ. ಗಿಟಾರ್ ಮಾಡುತ್ತಿದ್ದವರ ಹೆಸರಿಲ್ಲ, ಸತ್ತವನ ಜೊತೆ ಅವರಿಗಿದ್ದ ಸಂಬಂಧ ಮಾತ್ರ ಇದೆ. ಫೌಸ್ತಿನೊ, ಮಾರಿಯಾನೊ, ಹೂಲಿಯೊ ಎಂಬ ಆ ಕೊಂದೆ ಸಹೋದರರು ತಮ್ಮ ಮನೆತನದ ಹೆಸರನ್ನೇ ಮುಂದಿಟ್ಟು 'ಕೊಂದೆ ಎರ್ಮಾನೋಸ್' ಅಂತ ಪ್ರಸಿದ್ಧರಾದದ್ದು ಆಮೇಲೆ. ಸಬಿಕಾಸ್, ಪಾಕೊ ದೆ ಲುಸಿಯಾರಂಥವರ ಕೈಯಲ್ಲಿ ಆ ಗಿಟಾರುಗಳನ್ನು ಜಗತ್ತು ಕೇಳಿತು.

ವಿಧವೆಯರ ಹೆಸರು ಹೀಗೆ ಚೀಟಿಗಳ ಮೇಲೆ ಮತ್ತೆ ಮತ್ತೆ ಬರುವುದನ್ನು ಗಮನಿಸಿ. ಗಂಡ ಸತ್ತ ಮೇಲೆ ಅಂಗಡಿ ನಿಲ್ಲದಂತೆ ನೋಡಿಕೊಂಡು, ಕೆಲಸಗಾರರನ್ನು ಉಳಿಸಿಕೊಂಡವರು ಅವರು. ಆದರೆ ಚೀಟಿಯಲ್ಲಿ ಅವರದೇ ಹೆಸರಿಲ್ಲ, 'ಇಂಥವನ ವಿಧವೆ' ಅಷ್ಟೇ. ಸಾಂತೋಸ್ 1943ರಲ್ಲಿ ತೀರಿಕೊಂಡಾಗ ಅವನ ಹೆಂಡತಿಯೂ ಇದನ್ನೇ ಮಾಡಿದರು. ಮಾರ್ಸೆಲೊ ಬಾರ್ಬೆರೊ (1904–1956) ಎಂಬ ಕುಶಲಕರ್ಮಿಯನ್ನು ಕರೆಸಿ ಕೆಲಸ ಮಾಡಿಸಿದರು. ಸಾಂತೋಸ್‌ನ ವಿದ್ಯೆ ಮುಂದಿನ ತಲೆಮಾರಿಗೆ ದಾಟಿದ್ದರಲ್ಲಿ ಆ ತೀರ್ಮಾನದ ಪಾಲು ದೊಡ್ಡದು. ಬಾರ್ಬೆರೊ ಬಳಿ ಕಲಿತವನು ಅರ್ಕಾಂಹೆಲ್ ಫೆರ್ನಾಂದೆಸ್. ಬಾರ್ಬೆರೊ ಬೇಗ ತೀರಿಹೋದ. ಆಗ ಅರ್ಕಾಂಹೆಲ್, ಗುರುವಿನ ಮಗನಿಗೆ ತಾನೇ ಕೆಲಸ ಕಲಿಸಿದ. ಕಾರ್ಡೋಬಾದ ಮಾನುಯೆಲ್ ರೇಯೆಸ್‌ಗೆ (1934–2014) ಸಲಹೆ ಕೊಟ್ಟು ದಾರಿ ತೋರಿಸಿದವನೂ ಬಾರ್ಬೆರೊನೇ. ಇವತ್ತು ರೇಯೆಸ್ ಗಿಟಾರ್ ಕೊಳ್ಳಬೇಕಾದರೆ ಸಂಗೀತಗಾರರು ಎರಡು ಸಲ ಯೋಚನೆ ಮಾಡಬೇಕು, ಬೆಲೆ ಹಾಗಿದೆ.

ಇದನ್ನೆಲ್ಲ ಇಷ್ಟು ಉದ್ದ ಹೇಳಿದ್ದಕ್ಕೆ ಕಾರಣ ಇದೆ. ಯುರೋಪ್ ಒಕ್ಕೂಟದಲ್ಲಿ 2001ರಿಂದ ಒಂದು ನಿಯಮವಿದೆ. ಚಿತ್ರ, ಶಿಲ್ಪದಂಥ ಕಲಾಕೃತಿ ಗ್ಯಾಲರಿ, ಹರಾಜುಗಳ ಮೂಲಕ ಮತ್ತೆ ಮಾರಾಟವಾದಾಗ ಕಲಾವಿದರಿಗೆ, ಸತ್ತ 70 ವರ್ಷದವರೆಗೆ ಅವರ ವಾರಸುದಾರರಿಗೆ, ಒಂದು ಸಣ್ಣ ಪಾಲು ಹೋಗಬೇಕು. ಚಿತ್ರ, ಶಿಲ್ಪ, ಕಸೂತಿ ಪರದೆ, ಪಿಂಗಾಣಿ, ಗಾಜಿನ ಕೆಲಸ, ಫೋಟೊ ಎಲ್ಲ ಆ ಪಟ್ಟಿಯಲ್ಲಿವೆ. ಸಂಗೀತ ವಾದ್ಯ ಇಲ್ಲ. ಕುಂಬಾರಿಕೆ ಕಲೆಯಾದರೆ ಗಿಟಾರ್ ಯಾಕಲ್ಲ? ಬಡಗಿ ಕೆಲಸವನ್ನು 'ಕೈಕೆಲಸ' ಅಂತ ಒಂದು ಮೆಟ್ಟಿಲು ಕೆಳಗೆ ಕೂರಿಸುವ ಚಾಳಿ ಯುರೋಪಿನಲ್ಲೂ ಇದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಕುಶಲಕರ್ಮಿ ಒಂದು ಸಲ ತನ್ನ ಕೂಲಿ ಪಡೆದ. ಆಮೇಲಿನ ಏರಿಕೆಯೆಲ್ಲ ವ್ಯಾಪಾರಿಗೆ.

ಹಾಡಿದವರಿಗೆ ಪೊಲೀಸ್ ಕಾವಲು

ಮರ ಕೆತ್ತಿದವರ ಕಥೆ ಇದಾದರೆ, ಆ ಗಿಟಾರಿಗೆ ಕೆಲಸ ಕೊಟ್ಟ ಸಂಗೀತದ್ದು ಇನ್ನೂ ಕಹಿ. ಫ್ಲಮೆಂಕೋ ಹುಟ್ಟಿದ್ದು ಅಂದಲೂಸಿಯಾದಲ್ಲಿ. ಅದನ್ನು ಕಟ್ಟಿದವರಲ್ಲಿ ಹಿತಾನೋಗಳು, ಅಂದರೆ ಸ್ಪೇನ್‌ನ ರೋಮಾ ಜನ, ಮುಂಚೂಣಿಯಲ್ಲಿದ್ದರು. ಇವರ ಪೂರ್ವಜರು ಸುಮಾರು ಸಾವಿರ ವರ್ಷದ ಹಿಂದೆ ಭಾರತದ ಉತ್ತರ ಭಾಗದಿಂದ ಹೊರಟವರು. ಇದಕ್ಕೆ ಗಟ್ಟಿ ಪುರಾವೆ ಭಾಷೆಯಲ್ಲೇ ಇದೆ. ಹಿತಾನೋಗಳ ಕಲೋ ನುಡಿಯಲ್ಲಿ ನೀರಿಗೆ 'ಪಾನ್ಯಿ' ಅನ್ನುತ್ತಾರೆ. ಫ್ಲಮೆಂಕೋ ಹಾಡುಗಳಲ್ಲಿ ನೋವಿಗೆ ಬಳಸುವ 'ದೂಕಾಸ್' ಎಂಬ ಪದ ನಮ್ಮ 'ದುಃಖ'ದ ನೆಂಟ.

ಇಲ್ಲೊಂದು ಎಚ್ಚರಿಕೆ. 'ಫ್ಲಮೆಂಕೋ ನಮ್ಮ ಕಥಕ್‌ನ ಮಗಳು' ಅನ್ನುವ ಫಾರ್ವರ್ಡ್ ಸಂದೇಶ ನಿಮ್ಮ ಕುಟುಂಬದ ಗ್ರೂಪಿಗೂ ಬಂದಿರಬಹುದು. ಭಾಷೆಯ ನೆಂಟಸ್ತಿಕೆ ನಿಜ. ಅದರಿಂದ ಐದಾರು ಶತಮಾನ ಸ್ಪೇನ್‌ನಲ್ಲಿ ಬದುಕಿ, ಅಲ್ಲಿನ ಹಾಡು, ಅಲ್ಲಿನ ವಾದ್ಯ, ಅಲ್ಲಿನ ಬಡತನದ ಜೊತೆ ಬೆರೆತು ಆ ಜನ ಕಟ್ಟಿದ ಕಲೆಯನ್ನು 'ನಮ್ಮದು' ಅಂತ ಎತ್ತಿಕೊಳ್ಳುವ ಹಕ್ಕು ನಮಗೆ ಸಿಗುವುದಿಲ್ಲ. ಇಲ್ಲಿನ ಅಲೆಮಾರಿ ಸಮುದಾಯಗಳಿಗೆ ಒಂದು ಸೈಟು ಕೊಡಲು ಒದ್ದಾಡುವ ನಾವು, ಅಲ್ಲಿನವರ ಕೀರ್ತಿಗೆ ಮಾತ್ರ ಪಾಲುದಾರರಾಗಲು ಹೋಗೋದು ಚೆನ್ನಾಗಿ ಕಾಣಲ್ಲ.

ಸ್ಪೇನ್ ಅವರನ್ನು ಹೇಗೆ ನಡೆಸಿಕೊಂಡಿತು? 1499ರಲ್ಲೇ ರಾಜಾಜ್ಞೆ ಬಂತು: ಅಲೆಯುವುದು ಬಿಟ್ಟು ಒಂದು ಕಡೆ ನೆಲೆನಿಂತು ದುಡಿಯಿರಿ, ಇಲ್ಲ ದೇಶ ಬಿಡಿ. 1749ರ ಜುಲೈ 30ರಂದು ದೇಶದುದ್ದಕ್ಕೂ ಒಮ್ಮೆಗೇ ದಾಳಿ ನಡೆಸಿ ಹಿತಾನೋಗಳನ್ನು ಹಿಡಿದರು. ಒಂಬತ್ತರಿಂದ ಹನ್ನೆರಡು ಸಾವಿರ ಜನ ಎಂಬ ಅಂದಾಜಿದೆ. ಗಂಡಸರನ್ನು ನೌಕಾಪಡೆಯ ಕಟ್ಟೆಗಳಲ್ಲಿ ಜೀತಕ್ಕೆ ಹಾಕಿದರು, ಹೆಂಗಸರು ಮಕ್ಕಳನ್ನು ಬೇರೆ ಕಡೆ ಕೂಡಿಹಾಕಿದರು. ಕೊನೆಯವರು ಹೊರಬಂದದ್ದು 1765ರಲ್ಲಿ. ಹದಿನಾರು ವರ್ಷ.

ಹತ್ತೊಂಬತ್ತನೇ ಶತಮಾನದಲ್ಲಿ ಕೆಫೆಗಳಲ್ಲಿ ಫ್ಲಮೆಂಕೋಗೆ ಟಿಕೆಟ್ಟಿನ ಪ್ರೇಕ್ಷಕರು ಸಿಕ್ಕರು. ಜೊತೆಗೆ ಇನ್ನೊಂದು ಪದ್ಧತಿಯೂ ಇತ್ತು. ಜಮೀನ್ದಾರರ ಮಕ್ಕಳು ರಾತ್ರಿ ಖಾಸಗಿ ಪಾರ್ಟಿಗೆ ಹಾಡುಗಾರರನ್ನು, ಗಿಟಾರಿನವರನ್ನು ಕರೆಸೋರು. ಬೆಳಗಿನವರೆಗೂ ಹಾಡಿಸಿ, ಮನಸ್ಸಿಗೆ ಬಂದಷ್ಟು ಕೊಟ್ಟು ಕಳಿಸೋರು. ನಮ್ಮಲ್ಲೂ ಇಂಥ 'ರಸಿಕ'ರ ಕಥೆಗಳಿಗೆ ಬರವಿಲ್ಲ. ಸೈಪ್ರೆಸ್ ಗಿಟಾರುಗಳ ಮೇಲೆ ಇವತ್ತು ಸಂಗ್ರಾಹಕರು ಮೆಚ್ಚಿ ನೋಡುವ ಉಗುರಿನ ಗೀರುಗಳಲ್ಲಿ ಕೆಲವು ಅಂಥ ರಾತ್ರಿಗಳವು ಆಗಿದ್ದರೆ ಆಶ್ಚರ್ಯವಿಲ್ಲ.

1936ರಲ್ಲಿ ಅಂತರ್ಯುದ್ಧ ಶುರುವಾಯಿತು. ಸಬಿಕಾಸ್ (1912–1990) ದೇಶ ಬಿಟ್ಟು ಲ್ಯಾಟಿನ್ ಅಮೆರಿಕಕ್ಕೆ ಹೋದ, ಕಡೆಗೆ ನ್ಯೂಯಾರ್ಕ್‌ನಲ್ಲಿ ನೆಲೆಸಿದ. ಫ್ಲಮೆಂಕೋ ಗಿಟಾರನ್ನು ಹಾಡಿನ ಹಿಂಬದಿಯಿಂದ ಎತ್ತಿ ವೇದಿಕೆಯ ನಡುವೆ ಕೂರಿಸಿದವರಲ್ಲಿ ಅವನು ಪ್ರಮುಖ. ತನ್ನದೇ ಸಂಗೀತ ಮಾಡು ಅಂತ ಹುಡುಗ ಪಾಕೊ ದೆ ಲುಸಿಯಾಗೆ ಹೇಳಿದ್ದೂ ಅವನೇ. ಇತ್ತ ಫ್ರಾಂಕೊನ ಸ್ಪೇನ್‌ನಲ್ಲಿ ಎರಡು ಕೆಲಸ ಒಟ್ಟೊಟ್ಟಿಗೆ ನಡೆದವು. 1943ರ ಸಿವಿಲ್ ಗಾರ್ಡ್ ನಿಯಮಾವಳಿಯಲ್ಲಿ ಹಿತಾನೋಗಳ ಮೇಲೆ ಕಣ್ಣಿಡಬೇಕು, ಅವರ ಕಾಗದಪತ್ರ, ಓಡಾಟ ಎಲ್ಲವನ್ನೂ ತಪಾಸಣೆ ಮಾಡಬೇಕು ಅಂತ ಬರೆದಿತ್ತು. 1978ರವರೆಗೂ ಅದು ಇತ್ತು. ಅದೇ ಸರ್ಕಾರದ ಪ್ರವಾಸೋದ್ಯಮ ಸಚಿವಾಲಯ 1960ರ ದಶಕದಲ್ಲಿ 'ಸ್ಪೇನ್ ಬೇರೆಯೇ' ಅನ್ನುವ ಘೋಷಣೆಯ ಜೊತೆ ಚುಕ್ಕಿ ಲಂಗದ ನರ್ತಕಿಯ ಚಿತ್ರವನ್ನು ಜಗತ್ತಿಗೆ ಮಾರುತ್ತಿತ್ತು. ಪೋಸ್ಟರಿನಲ್ಲಿ ಹೆಮ್ಮೆ, ರಸ್ತೆಯಲ್ಲಿ ಶಂಕಿತ. ಇದು ನಮಗೆ ಅಪರಿಚಿತ ತಂತ್ರವೇನಲ್ಲ.

ಹಳೆಯ ಗಿಟಾರುಗಳು ಸ್ಪೇನ್‌ನಿಂದ ಹೊರಗೆ ಹರಿದದ್ದಕ್ಕೂ ಈ ಕಾಲಕ್ಕೂ ಸಂಬಂಧವಿದೆ. 1953ರ ಒಪ್ಪಂದದ ನಂತರ ಅಮೆರಿಕದ ಸೇನಾ ನೆಲೆಗಳು ಅಂದಲೂಸಿಯಾದ ರೋತಾ, ಮೊರೋನ್‌ಗೆ ಬಂದವು. 60ರ ದಶಕದಲ್ಲಿ ಅಮೆರಿಕದ ಹುಡುಗ ಹುಡುಗಿಯರು ಮೊರೋನ್‌ನ ಹಿತಾನೋ ಗಿಟಾರ್ ವಾದಕ ದಿಯೆಗೊ ದೆಲ್ ಗಸ್ತೋರ್ (1908–1973) ಬಳಿ ಕಲಿಯಲು ಬಂದು ಕೂರುತ್ತಿದ್ದರು. ಅವರ ಡಾಲರಿಗೆ ಮ್ಯಾಡ್ರಿಡ್‌ನ ಗಿಟಾರ್ ಅಗ್ಗ. ಕೊಂಡರು, ನುಡಿಸಿದರು, ಊರಿಗೆ ಒಯ್ದರು. ಅವರಲ್ಲಿ ಬಹಳ ಜನ ನಿಜವಾದ ಪ್ರೀತಿಯಿಂದಲೇ ಬಂದವರು, ಅದನ್ನು ಅನುಮಾನಿಸಬೇಕಿಲ್ಲ. ಆದರೂ ಅಗ್ಗದ ಕರೆನ್ಸಿಯ ದೇಶದಿಂದ ದುಬಾರಿ ಕರೆನ್ಸಿಯ ದೇಶಕ್ಕೆ ಹೋದ ವಸ್ತು ವಾಪಸ್ ಬರುವಾಗ ಬೇರೆ ಬೆಲೆ ಹೊತ್ತು ಬರುತ್ತದೆ. ಯುನೆಸ್ಕೊ 2010ರಲ್ಲಿ ಫ್ಲಮೆಂಕೋವನ್ನು ಮಾನವಕುಲದ ಪರಂಪರೆ ಅಂತ ಪಟ್ಟಿಗೆ ಸೇರಿಸಿತು. ಅಷ್ಟರಲ್ಲಿ ಆ ಪರಂಪರೆಯ ಎಷ್ಟೋ ಒಳ್ಳೆಯ ವಾದ್ಯಗಳು ಬೇರೆ ಖಂಡಗಳ ಕಪಾಟು ಸೇರಿದ್ದವು.

ನುಡಿಸೋದೋ, ಕಾಪಾಡೋದೋ

ಕಪಾಟು ಅಂದೆನಲ್ಲ, ಸಂಗ್ರಾಹಕ ಮತ್ತು ವಾದಕರ ನಡುವಿನ ಜಗಳ ಶುರುವಾಗುವುದು ಅಲ್ಲೇ. ಸಂಗ್ರಾಹಕನಿಗೆ ಬೇಕಾದ್ದು 'ಮೂಲ ಸ್ಥಿತಿ': ಮೂಲ ಬಿರಡೆ, ಮೂಲ ಪಾಲಿಶ್, ಮುಟ್ಟದ ಮೇಲ್ಹಲಗೆ. ವಾದಕರಿಗೆ ಬೇಕಾದ್ದು ಶ್ರುತಿ ನಿಲ್ಲುವ ಗಿಟಾರ್. ಮರದ ಬಿರಡೆ ಜಾರುತ್ತದೆ, ಹಾಗಾಗಿ ಎಷ್ಟೋ ವಾದಕರು ಅದನ್ನು ಕಿತ್ತು ಲೋಹದ ಕೀಲಿ ಹಾಕಿಸಿದರು. ಸವೆದ ಫ್ರೆಟ್ ಬದಲಿಸಿದರು. ತಂತಿಯ ಕಥೆ ಇನ್ನೊಂದು. 1940ರ ದಶಕದ ಕೊನೆಯವರೆಗೆ ತಂತಿ ಅಂದರೆ ಪ್ರಾಣಿಯ ಕರುಳಿನದ್ದು. ಎರಡನೇ ಮಹಾಯುದ್ಧದ ಕಾಲದಲ್ಲಿ ಕರುಳು ಆಸ್ಪತ್ರೆಯ ಹೊಲಿಗೆಗೆ ಹೋಯಿತು, ಗಿಟಾರಿಗೆ ನೈಲಾನ್ ಬಂತು. ಅದಕ್ಕೂ ಮೊದಲಿನ ಗಿಟಾರುಗಳನ್ನು ಅಳೆದದ್ದು ಕರುಳಿನ ತಂತಿಗೆ. ಅವುಗಳ ಮೇಲೆ ಇವತ್ತಿನ ಬಿಗಿ ತಂತಿ ಹಾಕಿ ವರ್ಷಗಟ್ಟಲೆ ಬಿಟ್ಟರೆ ಮೇಲ್ಹಲಗೆ ಉಬ್ಬುತ್ತದೆ, ಕುತ್ತಿಗೆ ಬಾಗುತ್ತದೆ.

ಅತಿ ದೊಡ್ಡ ಅನಾಹುತ ಆಗುವುದು ಮಾತ್ರ ಪಾಲಿಶ್ ಹೆಸರಲ್ಲಿ. ಹಳೆಯ ಸ್ಪ್ಯಾನಿಷ್ ಗಿಟಾರುಗಳಿಗೆ ಹೊಳಪು ಕೊಟ್ಟಿರುವುದು ಅರಗಿನಿಂದ. ಚನ್ನಪಟ್ಟಣದ ಬೊಂಬೆಗೆ ಬಣ್ಣದ ಜೊತೆ ಹಚ್ಚುವ ಅರಗು ಇದೆಯಲ್ಲ, ಅದೇ ಜಾತಿಯದ್ದು. ಅರಗಿನ ಹುಳುವಿನಿಂದ ಸಿಗುವ ಈ ವಸ್ತುವನ್ನು ಹೆಚ್ಚು ಬೆಳೆಯುವ ದೇಶ ಭಾರತ. ಜಾರ್ಖಂಡ್, ಛತ್ತೀಸಗಢದ ಆದಿವಾಸಿ ಕುಟುಂಬಗಳು ಮರಗಳಿಂದ ಬಿಡಿಸಿ ತರುತ್ತವೆ. ಅದನ್ನು ಸ್ಪಿರಿಟ್‌ನಲ್ಲಿ ಕರಗಿಸಿ, ಬಟ್ಟೆಯ ಉಂಡೆಯಿಂದ ಪದರ ಪದರವಾಗಿ ಉಜ್ಜುತ್ತಾರೆ. ಕೂದಲೆಳೆಗಿಂತ ತೆಳು ಪದರ, ಹಲಗೆಯ ಅದುರಾಟಕ್ಕೆ ಅಡ್ಡಿ ಮಾಡುವುದಿಲ್ಲ. ಬೆವರಿಗೆ, ಗೀರಿಗೆ ಬೇಗ ಹಾಳಾಗುತ್ತದೆ, ಆದರೆ ಹೊಸ ಪದರ ಹಚ್ಚಿದರೆ ಹಳೆಯದರ ಜೊತೆ ಕರಗಿ ಒಂದಾಗುತ್ತದೆ. ಇದು ಗೊತ್ತಿಲ್ಲದ ರಿಪೇರಿಯವರು ಎಲ್ಲವನ್ನೂ ಕೆರೆದು, ಮರಳು ಕಾಗದ ತಿಕ್ಕಿ, ಗಟ್ಟಿ ವಾರ್ನಿಶ್ ಬಳಿಯುತ್ತಾರೆ. ಎರಡು ಮಿಲಿಮೀಟರ್ ಹಲಗೆಯಲ್ಲಿ ಕಾಲು ಮಿಲಿಮೀಟರ್ ಹೋದರೂ ಸಾಂತೋಸ್ ಅಳೆದ ಲೆಕ್ಕ ಹೋಯಿತು. ಚೀಟಿ ಮಾತ್ರ ಹಾಗೇ ಇರುತ್ತದೆ.

ಚೀಟಿ ನಕಲಿ ಮಾಡುವುದೂ ಸುಲಭ. ಹಾಗಾಗಿ ಬಲ್ಲವರು ಚೀಟಿ ನಂಬುವುದಿಲ್ಲ, ಕೈ ಹುಡುಕುತ್ತಾರೆ. ಒಳಗಿನ ಪಟ್ಟಿಗಳ ತುದಿ ಹೇಗೆ ಚೂಪು ಮಾಡಿದ್ದಾರೆ, ಅಂಟು ಎಲ್ಲಿ ಹರಿದಿದೆ, ತಲೆಯ ಭಾಗದ ಕೆತ್ತನೆಯ ತಿರುವು ಯಾರದ್ದು. ಸ್ಪ್ರೂಸ್ ಹಲಗೆಯ ವಾರ್ಷಿಕ ಬಳೆಗಳನ್ನು ಅಳೆದು, ಮರ ಯಾವ ವರ್ಷದವರೆಗೆ ಬೆಳೆದಿತ್ತು ಅಂತ ಹೇಳುವ ವಿಧಾನವೂ ಇದೆ. 1925ರ ಚೀಟಿ ಇರುವ ಗಿಟಾರಿನ ಹಲಗೆಯಲ್ಲಿ 1940ರ ಬಳೆ ಸಿಕ್ಕರೆ ಮಾತು ಮುಗೀತು. ಅಂದರೆ ಕಡೆಗೂ ಬೆಲೆ ನಿಲ್ಲಬೇಕಾದ್ದು ಕೆಲಸಗಾರನ ಕೈಗುರುತಿನ ಮೇಲೆ. ಅದನ್ನು ಓದಬಲ್ಲವರು ಬೆರಳೆಣಿಕೆಯಷ್ಟು ಜನ. ಅವರ ಒಂದು ಪ್ರಮಾಣಪತ್ರಕ್ಕೂ ದುಡ್ಡು ಕೊಡಬೇಕು ಅನ್ನೋದು ಬೇರೆ.

ಕೊಡಗಿನ ಬೀಟೆ, ಬ್ರೆಜಿಲ್‌ನ ಮರ

ಸೈಪ್ರೆಸ್ ಗಿಟಾರನ್ನು ಸ್ಪೇನ್‌ನಲ್ಲಿ 'ಬ್ಲಾಂಕಾ', ಅಂದರೆ ಬಿಳಿ ಅನ್ನುತ್ತಾರೆ. ರೋಸ್‌ವುಡ್‌ನದ್ದು 'ನೆಗ್ರಾ', ಕಪ್ಪು. ಫ್ಲಮೆಂಕೋ ಹೋಟೆಲಿನಿಂದ ದೊಡ್ಡ ಸಭಾಂಗಣಕ್ಕೆ ಹೋದ ಮೇಲೆ, ಪಾಕೊ ದೆ ಲುಸಿಯಾ (1947–2014) ತಲೆಮಾರಿನಲ್ಲಿ, ಒಂಟಿ ವಾದನಕ್ಕೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುವ ಸ್ವರ ಬೇಕಾಯಿತು. ಕಪ್ಪು ಗಿಟಾರುಗಳ ಬೇಡಿಕೆ ಏರಿತು. ಆ ಹೊತ್ತಿಗೆ ಬ್ರೆಜಿಲ್‌ನ ಕಾಡು ಬರಿದಾಗುತ್ತಿತ್ತು. ಗಿಟಾರ್ ಲೋಕ ಕಣ್ಣು ಹಾಯಿಸಿದ್ದು ಇನ್ನೊಂದು ಮರದ ಕಡೆ: ಭಾರತದ ರೋಸ್‌ವುಡ್, ನಮ್ಮ ಬೀಟೆ. ಪಶ್ಚಿಮ ಘಟ್ಟದ ಬೀಟೆ ಇವತ್ತು ಜಗತ್ತಿನಾದ್ಯಂತ ಗಿಟಾರುಗಳ ಬೆನ್ನಿಗೂ ಪಕ್ಕೆಗೂ ಸಾಮಾನ್ಯ ಮರ.

ಕಾನೂನು ಬಂದದ್ದು ನಿಧಾನವಾಗಿ. ಬ್ರೆಜಿಲ್ ರೋಸ್‌ವುಡ್ 1992ರಲ್ಲಿ ಸೈಟಿಸ್ ಒಪ್ಪಂದದ ಮೊದಲ ಪಟ್ಟಿಗೆ ಸೇರಿತು. ಹುಲಿ ಚರ್ಮ ಇರುವ ಪಟ್ಟಿ ಅದು. ಅದಕ್ಕೂ ಹಿಂದೆ ಕಡಿದ ಮರ ಅಂತ ದಾಖಲೆ ತೋರಿಸದೆ ಆ ಗಿಟಾರನ್ನು ಗಡಿ ದಾಟಿಸಿ ಮಾರುವಂತಿಲ್ಲ. ಬೀಟೆ, ಶೀಶಮ್ ಸೇರಿದಂತೆ ಅದರ ಇಡೀ ಕುಲ 2017ರ ಜನವರಿ 2ರಿಂದ ಎರಡನೇ ಪಟ್ಟಿಗೆ ಬಂತು. ಮುಖ್ಯ ಕಾರಣ ಗಿಟಾರ್ ಅಲ್ಲ, ಚೀನಾದ ಪೀಠೋಪಕರಣದ ಹಸಿವು. ಆದರೆ ಬಲೆಗೆ ಗಿಟಾರೂ ಬಿತ್ತು. ವಾದ್ಯ ತಯಾರಕರು ದೊಡ್ಡ ಗಲಾಟೆ ಮಾಡಿದರು. 2019ರ ನವೆಂಬರ್ 26ರಿಂದ ಎರಡನೇ ಪಟ್ಟಿಯ ಮರದಿಂದ ಪೂರ್ತಿ ತಯಾರಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಸಂಘಟಿತ ಉದ್ಯಮದ ದನಿ ಮೂರೇ ವರ್ಷದೊಳಗೆ ಕೇಳಿಸಿತು.

ಬೀಟೆಯ ಊರಿನಲ್ಲಿ ಲೆಕ್ಕ ಬೇರೆ. ಕೊಡಗಿನ ಕಾಫಿ ತೋಟದಲ್ಲಿ ನಿಂತ ಬೀಟೆ ಮರ ಯಾರದ್ದು ಅನ್ನುವುದು ಆ ಜಮೀನಿನ ಹಕ್ಕು ಯಾವ ಬಗೆಯದ್ದು ಅನ್ನುವುದರ ಮೇಲೆ ನಿಂತಿದೆ. ಎಷ್ಟೋ ಕಡೆ ನೆಲ ತೋಟದವರದ್ದು, ಮರ ಸರ್ಕಾರದ್ದು. ತನ್ನದಲ್ಲದ ಮರವನ್ನು ನೆಟ್ಟು ಬೆಳೆಸಲು ಯಾರಿಗೆ ಉತ್ಸಾಹ ಬರುತ್ತದೆ? ಬೀಟೆ ತೊಲೆಗೆ ಬರಲು ದಶಕಗಳೇ ಬೇಕು, ನೆಟ್ಟವರು ಕಡಿಯುವುದಿಲ್ಲ. ಜಾಗತಿಕ ಕೆಂಪುಪಟ್ಟಿ ಅದನ್ನು ಅಪಾಯದಲ್ಲಿರುವ ಪ್ರಭೇದ ಅನ್ನುತ್ತದೆ. ಬೀಟೆಯಲ್ಲಿ ಕುಸುರಿ ಕೂರಿಸುವ ಮೈಸೂರಿನ ಕುಶಲಕರ್ಮಿಗಳಿಗೂ ಇದೇ ಮರ ಬೇಕು. ಕಾಡನ್ನು ಕಾಯುವ ಕಾನೂನು ಬೇಕೇ ಬೇಕು, ಅದರಲ್ಲಿ ನನಗೆ ಎರಡನೇ ಮಾತಿಲ್ಲ. ಆದರೆ ಕಾನೂನಿನ ಭಾರ ಯಾರ ಹೆಗಲ ಮೇಲೆ ಎಷ್ಟು ಬೀಳುತ್ತದೆ ಅಂತಲೂ ಕೇಳಬೇಕಲ್ಲ.

ರಟ್ಟಿನ ಗಿಟಾರನ್ನು ಈಗ ನೆನಪು ಮಾಡಿಕೊಳ್ಳಿ. ನಾದ ಮೇಲ್ಹಲಗೆಯದ್ದು ಅಂತ ತೋರೆಸ್ ನೂರಾ ಅರವತ್ತು ವರ್ಷದ ಹಿಂದೆಯೇ ತೋರಿಸಿದ್ದ. ಆದರೂ ಮಾರುಕಟ್ಟೆಯಲ್ಲಿ ಬ್ರೆಜಿಲ್ ಮರದ ಬೆನ್ನಿಗೆ ಇನ್ನೂ ಪ್ರತ್ಯೇಕ ಬೆಲೆ ಇದೆ. ಮರ ವಿರಳವಾದಷ್ಟೂ ಅದು ಏರುತ್ತದೆ. ಸೈಪ್ರೆಸ್ ಮಾತ್ರ ಸೈಟಿಸ್‌ನ ಯಾವ ಪಟ್ಟಿಯಲ್ಲೂ ಇಲ್ಲ. ಹಾಗಾದರೆ ಬಡವರ ಆ ಬಿಳಿ ಗಿಟಾರನ್ನು ಕಾಗದಪತ್ರದ ತಲೆನೋವಿಲ್ಲದೆ ಮಾರಬಹುದಾ? ಅದೂ ಪೂರ್ತಿ ನಿಜವಲ್ಲ. ಹಳೆಯ ಬ್ಲಾಂಕಾಗಳಲ್ಲಿ ತಂತಿ ಕಟ್ಟುವ ಬ್ರಿಜ್, ತಲೆಯ ಮೇಲಿನ ತೆಳು ಹೊದಿಕೆ ಬಹಳ ಸಲ ಬ್ರೆಜಿಲ್ ರೋಸ್‌ವುಡ್‌ನದ್ದೇ ಆಗಿರುತ್ತವೆ. ಬೆರಳುದ್ದದ ಆ ತುಂಡಿಗೂ ಮಾರಾಟಗಾರ ದಾಖಲೆ ತೋರಿಸಬೇಕು: ಯಾವ ಮರ, ಯಾವ ಕಾಲದ್ದು, ಯಾರು ಮಾಡಿದ್ದು. ಮೂರನೆಯ ಸಾಲಿನಲ್ಲಿ ಅವನು ಬರೆಯುವುದು ಚೀಟಿಯ ಮೇಲಿರುವ ಹೆಸರನ್ನು.